ಪ್ಲೇಟ್‌ಲೆಟ್ ಎಷ್ಟು ಎಂದು ಕೇಳುವ ಮೊದಲು

ಜೂನ್ ಮೊದಲ ವಾರ ವಿರಾಜಪೇಟೆಯಲ್ಲಿ ಆಶಾ ಕಾರ್ಯಕರ್ತೆಯರು, ತೋಟದ ಮೇಸ್ತ್ರಿಗಳು ಮತ್ತು ಬೆಳೆಗಾರರು ಸೇರಿದ್ದ ಸಭೆಯಲ್ಲಿ ಮಳೆಗಾಲದ ಜ್ವರ ಮತ್ತು ರಕ್ತ ಪರೀಕ್ಷೆಗಳ ಬಗ್ಗೆ ವೈದ್ಯನಾಗಿ ನಾನು ಆಡಿದ ಮಾತುಗಳ ಬರಹ ರೂಪ ಇದು. ಅಂದು ಹೆಂಚಿನ ಮೇಲೆ ಮಳೆಯ ಸದ್ದು ಜೋರಾಗಿತ್ತು. ಅಂಕಿಗಳು ಕೇಳಿಸಲಿಲ್ಲ ಎಂದು ಹಿಂದಿನ ಸಾಲಿನವರು ಹೇಳಿದ್ದರಿಂದ ಅವನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಕೊಡಗಿನವರಿಗೆ ಅಳತೆಯ ಪಾಠ ಹೇಳಬೇಕಾಗಿಲ್ಲ. ಬೆಳಿಗ್ಗೆ ಎದ್ದು ಮಳೆ ಮಾಪಕದ ನೀರನ್ನು ಗಾಜಿನ ಕೊಳವೆಗೆ ಸುರಿದು, ಒಂದು ಇಂಚು ಇಪ್ಪತ್ತು ಸೆಂಟ್ ಎಂದು ಪುಸ್ತಕದಲ್ಲಿ ಬರೆದಿಟ್ಟ ಮೇಲೆಯೇ ಕಾಫಿ ಕುಡಿಯುವ ಹಿರಿಯರು ಈ ಸಭೆಯಲ್ಲೇ ಇದ್ದಾರೆ. ಹಾರಂಗಿ ಜಲಾಶಯದ ಗರಿಷ್ಠ ಮಟ್ಟ 2859 ಅಡಿ ಎಂಬುದು ಇಲ್ಲಿಯ ಶಾಲಾ ಮಕ್ಕಳಿಗೂ ಗೊತ್ತು. ಪತ್ರಿಕೆಯಲ್ಲಿ ಇಂದಿನ ಮಟ್ಟ ನೋಡಿದ ಕೂಡಲೇ ನಿಮ್ಮ ಕಣ್ಣು ಪಕ್ಕದ ಎರಡು ಅಂಕಿಗಳಿಗೆ ಹೋಗುತ್ತದೆ: ಒಳಹರಿವು ಎಷ್ಟು, ಕಳೆದ ವರ್ಷ ಇದೇ ದಿನ ಎಷ್ಟಿತ್ತು. ಮಟ್ಟ ಒಂದನ್ನೇ ನೋಡಿ ಯಾರೂ ಹೊಳೆಯ ಬದಿಯ ಗದ್ದೆಯ ಬಗ್ಗೆ ನಿರ್ಧಾರ ಮಾಡುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದಾಗ ಆ ದಿನದ ಮಳೆಯಷ್ಟೇ ಕಾರಣವಾಗಿರಲಿಲ್ಲ, ಅದಕ್ಕೂ ಮೊದಲು ವಾರಗಟ್ಟಲೆ ನೀರು ಕುಡಿದಿದ್ದ ಮಣ್ಣೂ ಕಾರಣವಾಗಿತ್ತು ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಇಷ್ಟು ಬಲ್ಲ ಜನ, ಮನೆಯಲ್ಲಿ ಒಬ್ಬರಿಗೆ ಜ್ವರ ಬಂದ ಕೂಡಲೇ ಒಂದೇ ಒಂದು ಅಂಕಿಗೆ ಜೋತುಬೀಳುತ್ತಾರೆ. ಪ್ಲೇಟ್‌ಲೆಟ್ ಎಷ್ಟು? ಮೈಸೂರಿನಲ್ಲಿರುವ ಮಗಳು ಫೋನಿನಲ್ಲಿ ಕೇಳುವುದು ಅದನ್ನೇ, ಪಕ್ಕದ ತೋಟದವರು ಕೇಳುವುದೂ ಅದನ್ನೇ. ಒಂದೂವರೆ ಲಕ್ಷ ಎಂದರೆ ನಿಟ್ಟುಸಿರು, 60 ಸಾವಿರ ಎಂದರೆ ಅಳು, 30 ಸಾವಿರ ಎಂದರೆ ಜೀಪು ಹತ್ತಿ ಮಂಗಳೂರಿಗೆ. ಈ ಪ್ರಶ್ನೆಯ ಜೊತೆಗೆ ಇನ್ನೂ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ನಮ್ಮ ಮನೆಗಳಿಗೆ ಬರಬೇಕು ಎಂಬುದು ನನ್ನ ಆಸೆ. ಇಂದು ಜ್ವರದ ಎಷ್ಟನೇ ದಿನ? ಈ ಮನುಷ್ಯನ ಅಂಕಿ ಮೊದಲು ಎಷ್ಟಿತ್ತು? ಅವನು ಹಾಸಿಗೆಯಲ್ಲಿ ಹೇಗಿದ್ದಾನೆ? ಮಳೆಗಾಲ ತಲೆಯ ಮೇಲಿರುವಾಗ ನಿಮ್ಮನ್ನು ಕರೆದು ಕೂರಿಸಿರುವುದು ಇದಕ್ಕಾಗಿಯೇ.

ಡೆಂಗಿಯಿಂದ ಆರಂಭಿಸುತ್ತೇನೆ. ಹಗಲಿನಲ್ಲಿ ಕಚ್ಚುವ ಈಡಿಸ್ ಸೊಳ್ಳೆಗೆ ನಮ್ಮ ತೋಟಗಳಷ್ಟು ಹಿತವಾದ ಜಾಗ ಇನ್ನೊಂದಿಲ್ಲ. ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ತೋಟದ ಕಾರ್ಮಿಕರು ಇರುವ ಲೈನ್ ಮನೆಯ ಹಿಂದಿನ ಹಳೆಯ ಟೈರು, ನೀರು ತುಂಬಿಟ್ಟ ಡ್ರಮ್ಮು, ಎಲ್ಲದರಲ್ಲೂ ಅದು ಮೊಟ್ಟೆಯಿಡುತ್ತದೆ. ಕಚ್ಚಿದ ನಾಲ್ಕರಿಂದ ಹತ್ತು ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ. ಮೊದಲ ಎರಡು ಮೂರು ದಿನ ಮೈ ಸುಡುತ್ತದೆ, ಕಣ್ಣಿನ ಹಿಂದೆ ನೋವು, ಮೂಳೆ ಮುರಿದಂತೆ ಮೈಕೈ ನೋವು. ಆ ದಿನಗಳಲ್ಲಿ ವೈರಸ್ ರಕ್ತದಲ್ಲೇ ಇರುತ್ತದೆ, ಎನ್‌ಎಸ್1 ಪರೀಕ್ಷೆ ಅದನ್ನು ಹಿಡಿಯುತ್ತದೆ. ಐದನೇ ದಿನದ ಹೊತ್ತಿಗೆ ವೈರಸ್ ತಗ್ಗಿ, ದೇಹ ತಯಾರಿಸಿದ ಐಜಿಎಂ ಪ್ರತಿಕಾಯ ಕಾಣಿಸುತ್ತದೆ. ಆರನೇ ದಿನ ಎನ್‌ಎಸ್1 ಮಾಡಿಸಿ, ಇಲ್ಲ ಎಂದು ಬಂದದ್ದಕ್ಕೆ ಡೆಂಗಿ ಅಲ್ಲ ಎಂದು ತೀರ್ಮಾನಿಸಿದವರನ್ನು ನಾನು ಪ್ರತಿ ಮಳೆಗಾಲದಲ್ಲೂ ನೋಡುತ್ತೇನೆ. ದಿನ ಎಣಿಸದಿದ್ದರೆ ಸರಿಯಾದ ಪರೀಕ್ಷೆಯೂ ದಾರಿ ತಪ್ಪಿಸುತ್ತದೆ.

ಆದರೆ ಈ ಎರಡೂ ಪರೀಕ್ಷೆಗಳು ಹೇಳುವುದು ರೋಗದ ಹೆಸರನ್ನು. ಅದರ ತೀವ್ರತೆಯನ್ನು ಅವು ಹೇಳುವುದಿಲ್ಲ. ತೀವ್ರತೆಯ ಸುಳಿವು ಇರುವುದು ಅತ್ಯಂತ ಸಾಮಾನ್ಯವಾದ, ಅಗ್ಗದ ರಕ್ತಕಣ ಎಣಿಕೆಯಲ್ಲಿ. ಆ ಚೀಟಿಯಲ್ಲಿ ಮೊದಲು ಕುಸಿಯುವುದು ಬಿಳಿ ರಕ್ತಕಣ, ಆಮೇಲೆ ಪ್ಲೇಟ್‌ಲೆಟ್. ಇಲ್ಲೊಂದು ಮಾತು ಹೇಳಲೇಬೇಕು. ನಮ್ಮಲ್ಲಿ ಪ್ಲೇಟ್‌ಲೆಟ್ ಕಡಿಮೆಯಾದರೆ ಬಿಳಿ ರಕ್ತಕಣ ಕಡಿಮೆಯಾಗಿದೆ ಎನ್ನುವ ರೂಢಿ ಬಲವಾಗಿ ಬೇರೂರಿದೆ. ಅವೆರಡೂ ಬೇರೆ ಬೇರೆ. ಬಿಳಿ ರಕ್ತಕಣ ಸೋಂಕಿನೊಡನೆ ಹೋರಾಡುವ ಜೀವಕೋಶ, ಸಾಮಾನ್ಯವಾಗಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ 4 ಸಾವಿರದಿಂದ 11 ಸಾವಿರ ಇರುತ್ತದೆ. ಪ್ಲೇಟ್‌ಲೆಟ್ ಎಂದರೆ ರಕ್ತನಾಳದ ಬಿರುಕಿಗೆ ಅಂಟಿಕೊಂಡು ರಕ್ತ ಸೋರದಂತೆ ತಡೆಯುವ ಪುಟ್ಟ ಚೂರು, ಅದು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತದೆ. ಫೋನಿನಲ್ಲಿ ವೈದ್ಯರಿಗೆ ಬಿಳಿ ರಕ್ತಕಣ 3 ಸಾವಿರ ಎಂದು ಹೇಳುವುದಕ್ಕೂ ಪ್ಲೇಟ್‌ಲೆಟ್ 3 ಸಾವಿರ ಎಂದು ಹೇಳುವುದಕ್ಕೂ ಅಜಗಜಾಂತರವಿದೆ.

ಡೆಂಗಿಯಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ರಕ್ತಸ್ರಾವ ಎಂದು ನಾವು ನಂಬಿದ್ದೇವೆ. ಅದಕ್ಕಿಂತ ದೊಡ್ಡ ಅಪಾಯ ಒಳಗೇ ನಡೆಯುವ ಸೋರಿಕೆ. ರಕ್ತನಾಳದ ಒಳಗೋಡೆ ಸಡಿಲವಾಗಿ, ರಕ್ತದ ನೀರಿನಂಶ ಹೊಟ್ಟೆಯೊಳಗೆ, ಶ್ವಾಸಕೋಶದ ಸುತ್ತ ಇಳಿಯುತ್ತದೆ. ಕೆಂಪು ಕಣಗಳು ಮಾತ್ರ ನಾಳದೊಳಗೆ ಉಳಿಯುತ್ತವೆ, ರಕ್ತ ಗಟ್ಟಿಯಾಗುತ್ತದೆ. ಒಲೆಯ ಮೇಲಿಟ್ಟ ಸಾರು ನೀರಾರಿ ಬತ್ತಿದಂತೆ. ಆ ಗಟ್ಟಿತನವನ್ನು ಅಳೆಯುವ ಅಂಕಿಯೇ ಪಿಸಿವಿ. ಹೆಮಟೋಕ್ರಿಟ್ ಎಂದೂ ಬರೆದಿರುತ್ತಾರೆ. ಪ್ಲೇಟ್‌ಲೆಟ್ ಇದ್ದ ಚೀಟಿಯಲ್ಲೇ, ನಾಲ್ಕೈದು ಸಾಲು ಮೇಲೆ, ಅದು ಇರುತ್ತದೆ. ಅದಕ್ಕಾಗಿ ಬೇರೆ ದುಡ್ಡು ಕೊಡಬೇಕಾಗಿಲ್ಲ. ಆದರೂ ಅದನ್ನು ಓದುವವರು ಕಡಿಮೆ.

ಒಂದು ಪ್ರಸಂಗ ಹೇಳುತ್ತೇನೆ. ಸಿದ್ದಾಪುರದ ಕಡೆಯ ತೋಟವೊಂದರ ಲೈನ್ ಮನೆಯಿಂದ ಒಬ್ಬ ಮಹಿಳೆಯನ್ನು ಕರೆತಂದಿದ್ದರು. ಜ್ವರದ ಐದನೇ ದಿನ. ಹಿಂದಿನ ರಾತ್ರಿಯಿಂದ ಜ್ವರ ಇಳಿದಿತ್ತು, ಅದಕ್ಕೇ ಮನೆಯವರು ಸಮಾಧಾನದಲ್ಲಿದ್ದರು. ಎರಡು ಚೀಟಿ ತಂದಿದ್ದರು. ಎರಡನೇ ದಿನದ್ದರಲ್ಲಿ ಹಿಮೋಗ್ಲೋಬಿನ್ 9.3, ಪಿಸಿವಿ 28. ಐದನೇ ದಿನದ್ದರಲ್ಲಿ ಹಿಮೋಗ್ಲೋಬಿನ್ 11.3, ಪಿಸಿವಿ 34, ಪ್ಲೇಟ್‌ಲೆಟ್ 92 ಸಾವಿರ. ಬೀಟ್‌ರೂಟ್ ರಸ ಕೊಟ್ಟೆವು, ಮೂರೇ ದಿನಕ್ಕೆ ರಕ್ತ ಹೆಚ್ಚಿತು ಎಂದು ಅವಳ ಗಂಡ ಹೇಳಿದ. ಪಿಸಿವಿಯ ಮುಂದೆ ಯಂತ್ರ ಕಡಿಮೆ ಎಂದೇ ಮುದ್ರಿಸಿತ್ತು, ಏಕೆಂದರೆ ಹೆಂಗಸರಿಗೆ ಅದು 36ರಿಂದ 46ರವರೆಗೆ ಇರಬೇಕು ಎಂಬುದು ಅದರ ಲೆಕ್ಕ.

ರಕ್ತ ಮೂರು ದಿನದಲ್ಲಿ ಹಾಗೆ ಹೆಚ್ಚುವುದಿಲ್ಲ. 28ರಿಂದ 34ಕ್ಕೆ ಏರಿದೆ ಎಂದರೆ ಅವಳ ಮೂಲ ಅಂಕಿಯ ಐದರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಏರಿದೆ. ಪಿಸಿವಿ ಮೂಲಕ್ಕಿಂತ ಶೇಕಡಾ 20ರಷ್ಟು ಏರುವುದು ನೀರಿನಂಶ ಸೋರುತ್ತಿರುವುದರ ಗುರುತು. ರಕ್ತಹೀನತೆ ಇರುವ ಹೆಣ್ಣುಮಗಳಲ್ಲಿ ಆ ಏರಿಕೆ ಕಡಿಮೆ ಎಂಬ ಪದದ ಹಿಂದೆ ಅಡಗಿಕೊಂಡಿತ್ತು. ಅವಳ ಕೈ ಹಿಡಿದರೆ ತಣ್ಣಗಿತ್ತು. ರಕ್ತದೊತ್ತಡ 100 ಮತ್ತು 84. ಮೇಲಿನ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಎರಡರ ನಡುವಿನ ಅಂತರ 16. ಆ ಅಂತರ 20ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ ದೇಹ ಆಘಾತದ, ಅಂದರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿಯ, ಹೊಸ್ತಿಲಲ್ಲಿದೆ ಎಂದು ಅರ್ಥ. ಆ ಹೊತ್ತಿನಲ್ಲಿ ಅವಳಿಗೆ ಬೇಕಾಗಿದ್ದುದು ಅಳತೆಯಿಟ್ಟು ಕೊಡುವ ಸಲೈನ್. ಪ್ಲೇಟ್‌ಲೆಟ್ ಬೇಕಾಗಿರಲಿಲ್ಲ. ರಾತ್ರಿಯಿಡೀ ಪಿಸಿವಿಯನ್ನು ಮತ್ತೆ ಮತ್ತೆ ನೋಡಿ ನೀರು ಹೆಚ್ಚು ಕಡಿಮೆ ಮಾಡಿದೆವು. ಬದುಕಿದಳು. ಎರಡನೇ ದಿನ ಅವಳ ರಕ್ತ ಪರೀಕ್ಷೆ ಮಾಡಿಸಿ ಆ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟಿದ್ದವರು ಒಬ್ಬ ಆಶಾ ಕಾರ್ಯಕರ್ತೆ. ಆ ಚೀಟಿ ಇಲ್ಲದಿದ್ದರೆ 34 ಎಂಬ ಅಂಕಿ ನನಗೆ ಏನನ್ನೂ ಹೇಳುತ್ತಿರಲಿಲ್ಲ. ಅದನ್ನು ನಾನು ಎಂದಿಗೂ ಮರೆಯುವುದಿಲ್ಲ.

ಅದೇ ವಾರ್ಡಿನಲ್ಲಿ ಅದೇ ತಿಂಗಳು ಕಾಲೇಜು ಓದುವ ಹುಡುಗನೊಬ್ಬನಿದ್ದ. ಪ್ಲೇಟ್‌ಲೆಟ್ 18 ಸಾವಿರ. ಪಿಸಿವಿ ಮೊದಲ ದಿನದಿಂದಲೂ ಕದಲಿರಲಿಲ್ಲ. ಹೊಟ್ಟೆನೋವಿಲ್ಲ, ವಾಂತಿಯಿಲ್ಲ, ಒಸಡಿನಲ್ಲಿ ರಕ್ತವಿಲ್ಲ, ಊಟ ಯಾವಾಗ ಎಂದು ಕೇಳುತ್ತಿದ್ದ. ಮನೆಯವರು ಪ್ಲೇಟ್‌ಲೆಟ್ ಹಾಕಿ ಎಂದು ಪಟ್ಟು ಹಿಡಿದರು. ಹಾಕಲಿಲ್ಲ. ನಾಲ್ಕು ದಿನಗಳಲ್ಲಿ ಅದು ತಾನಾಗಿಯೇ ಲಕ್ಷ ದಾಟಿತು. ಇದು ನನ್ನೊಬ್ಬನ ಹಟವಲ್ಲ. ಸಿಂಗಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳಲ್ಲಿ ಪ್ಲೇಟ್‌ಲೆಟ್ 20 ಸಾವಿರ ಅಥವಾ ಅದಕ್ಕಿಂತ ಕಡಿಮೆ ಇದ್ದ, ರಕ್ತಸ್ರಾವವಿಲ್ಲದ ವಯಸ್ಕರಲ್ಲಿ ಕೆಲವರಿಗೆ ಪ್ಲೇಟ್‌ಲೆಟ್ ಕೊಟ್ಟು, ಕೆಲವರಿಗೆ ಕೊಡದೆ ಹೋಲಿಸಿದ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೊಟ್ಟದ್ದರಿಂದ ರಕ್ತಸ್ರಾವ ಕಡಿಮೆಯಾಗಲಿಲ್ಲ. ಅಲರ್ಜಿಯಂಥ ತೊಂದರೆಗಳು ಕೊಟ್ಟವರಲ್ಲೇ ಹೆಚ್ಚಾದವು. ನಮ್ಮ ರಾಷ್ಟ್ರೀಯ ಮಾರ್ಗಸೂಚಿಯೂ ರಕ್ತಸ್ರಾವ ಇಲ್ಲದವರಲ್ಲಿ 10 ಸಾವಿರಕ್ಕಿಂತ ಕೆಳಗೆ ಇಳಿದಾಗ ಮಾತ್ರ ಪ್ಲೇಟ್‌ಲೆಟ್ ಕೊಡುವ ಮಾತಾಡುತ್ತದೆ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ನಮ್ಮ ರಸ್ತೆಗಳು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಇತ್ತ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗುವುದು ಮಳೆಯಲ್ಲಿ ಇನ್ನೂ ಕಷ್ಟ. ಪ್ಲೇಟ್‌ಲೆಟ್ ಇಳಿಯಿತು ಎಂದು ಗಾಬರಿಯಾಗಿ, ಸೋರಿಕೆಯ ಹೊತ್ತಿನಲ್ಲೇ ರೋಗಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು, ಸಲೈನ್ ಇಲ್ಲದೆ ಮೂರು ನಾಲ್ಕು ಗಂಟೆ ಸಾಗಿಸುತ್ತಾರೆ. ದಾರಿಯಲ್ಲಿ ಮರ ಬಿದ್ದರೆ ಐದಾರು ಗಂಟೆ. ಪ್ಲೇಟ್‌ಲೆಟ್ ಇನ್ನೊಂದು ದಿನ ಕಾಯುತ್ತಿತ್ತು, ಒಣಗುತ್ತಿರುವ ರಕ್ತನಾಳ ಕಾಯುವುದಿಲ್ಲ. ಕಳುಹಿಸಲೇಬೇಕಾದ ರೋಗಿಗಳಿದ್ದಾರೆ, ಅವರನ್ನು ಬೇಗ ಕಳುಹಿಸಬೇಕು. ಆದರೆ ಕೈಗೆ ಸಲೈನ್ ಹಾಕಿ, ರಕ್ತದೊತ್ತಡ ನೋಡುವವರೊಬ್ಬರನ್ನು ಜೊತೆಗೆ ಕೂರಿಸಿ ಕಳುಹಿಸಬೇಕು.

ಇನ್ನೊಂದು ವಿಷಯ. ಈ ಸೋರಿಕೆ 24ರಿಂದ 48 ಗಂಟೆ ಇರುತ್ತದೆ. ಅದು ಆರಂಭವಾಗುವುದು ಬಹುಮಟ್ಟಿಗೆ ಜ್ವರ ಬಿಡುವ ಹೊತ್ತಿನಲ್ಲಿ, ಮೂರನೇ ದಿನದಿಂದ ಏಳನೇ ದಿನದೊಳಗೆ. ಜ್ವರ ಬಿಟ್ಟಿತು, ಇನ್ನು ಕೆಲಸಕ್ಕೆ ಹೋಗು ಎಂದು ನಾವು ಹೇಳುವ ದಿನವೇ ಅದು. ಅದಾದ ಮೇಲೆ ಸೋರಿದ ನೀರು ತಾನಾಗಿಯೇ ರಕ್ತನಾಳಕ್ಕೆ ಮರಳುತ್ತದೆ. ಆಗಲೂ ಸಲೈನ್ ಹರಿಸುತ್ತಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಪಿಸಿವಿ ಇಳಿಯುವುದಕ್ಕೂ ಎರಡು ಅರ್ಥಗಳಿವೆ. ರೋಗಿ ಎದ್ದು ಕೂತಿದ್ದಾನೆ, ಮೂತ್ರ ಧಾರಾಳವಾಗಿ ಹೋಗುತ್ತಿದೆ, ಕೈಕಾಲು ಬೆಚ್ಚಗಿವೆ, ಪಿಸಿವಿ ಇಳಿದಿದೆ ಎಂದರೆ ಗುಣವಾಗುತ್ತಿದ್ದಾನೆ. ನಾಡಿ ಓಡುತ್ತಿದೆ, ಮುಖ ಬಿಳಚಿದೆ, ರಕ್ತದೊತ್ತಡ ಕುಸಿಯುತ್ತಿದೆ, ಪಿಸಿವಿಯೂ ಇಳಿದಿದೆ ಎಂದರೆ ಒಳಗೆಲ್ಲೋ ರಕ್ತ ಹರಿಯುತ್ತಿದೆ. ಒಂದೇ ಅಂಕಿ, ಒಂದೇ ಇಳಿಕೆ. ಯಾವುದು ಎಂದು ಹೇಳುವುದು ಚೀಟಿಯಲ್ಲ, ಹಾಸಿಗೆಯಲ್ಲಿರುವ ಮನುಷ್ಯ.

ಯಕೃತ್ತಿನ ಕಿಣ್ವಗಳಾದ ಎಎಸ್‌ಟಿ, ಎಎಲ್‌ಟಿ ಡೆಂಗಿಯಲ್ಲಿ ಏರುವುದು ಸಾಮಾನ್ಯ. 80, 150 ಎಂದು ಬಂದರೆ ಗಾಬರಿ ಬೇಡ. ಸಾವಿರ ದಾಟಿದರೆ ಅದು ತೀವ್ರ ಡೆಂಗಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ವರ್ಗೀಕರಣ ಹೇಳುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಅದನ್ನೂ ಅಳತೆ ಮೀರಿ ನುಂಗಿದರೆ ಇದೇ ಯಕೃತ್ತಿಗೆ ಪೆಟ್ಟು. ಮೈಕೈ ನೋವಿಗೆಂದು ಅಂಗಡಿಯಿಂದ ತರುವ ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಬೇಡವೇ ಬೇಡ.

ನಮ್ಮ ಜಿಲ್ಲೆಗೇ ವಿಶೇಷವಾದ ಗೊಂದಲ ಒಂದಿದೆ. ಕೊಡವರ ಕಕ್ಕಡ ತಿಂಗಳ ಹದಿನೆಂಟು, ಅಂದರೆ ಆಗಸ್ಟ್ 3ರ ಸುಮಾರಿಗೆ, ಮನೆಮನೆಯಲ್ಲೂ ಮದ್ದು ಸೊಪ್ಪಿನ ಪಾಯಸ. ಆ ಕಡುನೇರಳೆ ಬಣ್ಣವನ್ನು ನೋಡಿ ಬೆಳೆದವರು ನಾವು. ಪಾಯಸ ತಿಂದ ಮೇಲೆ ಮೂತ್ರಕ್ಕೆ ಕೆಂಪು ಛಾಯೆ ಬರುತ್ತದೆ ಎಂಬುದೂ ನಮಗೆ ಗೊತ್ತು. ಅದು ಸೊಪ್ಪಿನ ಬಣ್ಣ, ರಕ್ತವಲ್ಲ. ಆದರೆ ಡೆಂಗಿಯ ಕಾವು ಏರುವುದೂ ಅದೇ ದಿನಗಳಲ್ಲಿ. ಜ್ವರದ ರೋಗಿಗೆ ಕೆಂಪು ಮೂತ್ರ ಎಂದು ಹೊರಗಿನಿಂದ ಬಂದ ಕಿರಿಯ ವೈದ್ಯರು ಹೌಹಾರಿದ್ದನ್ನು ಕಂಡಿದ್ದೇನೆ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇದರ ತಿರುವು: ನಿಜವಾಗಿ ರಕ್ತ ಹೋಗುತ್ತಿರುವಾಗ, ಅದು ಮದ್ದು ಸೊಪ್ಪಿನದ್ದು ಬಿಡಿ ಎಂದು ಮನೆಯವರು ಸುಮ್ಮನಿದ್ದರೆ? ಮೂತ್ರದಲ್ಲಿ ರಕ್ತ ಇದೆಯೇ ಇಲ್ಲವೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಲು ಕೆಲವೇ ನಿಮಿಷ ಸಾಕು. ಪಾಯಸ ತಿಂದಿದ್ದೇವೆ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ, ಪರೀಕ್ಷೆಯನ್ನೂ ಮಾಡಿಸಿ.

ಪ್ಲೇಟ್‌ಲೆಟ್ ಇಳಿದ ಜ್ವರವೆಲ್ಲ ಡೆಂಗಿ ಎಂಬುದೂ ತಪ್ಪು. ಗದ್ದೆಯಲ್ಲಿ, ಕೆಸರಿನಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಇಲಿ ಜ್ವರ ಬರುತ್ತದೆ. ಪೊದೆಗಳಲ್ಲಿ ನುಸಿ ಕಚ್ಚಿ ಸ್ಕ್ರಬ್ ಟೈಫಸ್ ಬರುತ್ತದೆ. ಮಲೇರಿಯಾ ಇದೆ. ಇವೆಲ್ಲದರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಇವು ಯಾವುವೂ ವೈರಸ್ ಅಲ್ಲ, ಎಲ್ಲಕ್ಕೂ ಔಷಧಿ ಇದೆ. ತೊಡೆಸಂದು, ಕಂಕುಳು, ಸೊಂಟದ ಪಟ್ಟಿಯ ಕೆಳಗೆ ಸಿಗರೇಟಿನಿಂದ ಸುಟ್ಟಂಥ ಕಪ್ಪು ಕಲೆ ಇದೆಯೇ ಎಂದು ನೋಡದೆ ಸ್ಕ್ರಬ್ ಟೈಫಸ್ ತಪ್ಪಿಹೋಗುತ್ತದೆ. ಕಣ್ಣು ಹಳದಿಯಾಗಿ, ಮೀನಖಂಡ ಮುಟ್ಟಿದರೆ ನೋಯುತ್ತಿದ್ದರೆ ಇಲಿ ಜ್ವರವನ್ನು ನೆನೆಯಬೇಕು. ಇಂಥ ಸಂಶಯವಿರುವಾಗ ಬಿಳಿ ರಕ್ತಕಣ ಮತ್ತು ಉರಿಯೂತವನ್ನು ತೋರಿಸುವ ಸಿಆರ್‌ಪಿ ಎಂಬ ರಕ್ತ ಪರೀಕ್ಷೆ ನೆರವಿಗೆ ಬರುತ್ತವೆ. ಡೆಂಗಿಯಲ್ಲಿ ಸಾಮಾನ್ಯವಾಗಿ ಬಿಳಿಕಣ ಕಡಿಮೆ, ಸಿಆರ್‌ಪಿ ಏರಿಕೆ ಸಾಧಾರಣ. ಬಿಳಿಕಣ 16 ಸಾವಿರ, ಸಿಆರ್‌ಪಿ 150 ಎಂದಿದ್ದರೆ ಬೇರೆ ದಿಕ್ಕಿನಲ್ಲಿ ಹುಡುಕಬೇಕು.

ಸಿಆರ್‌ಪಿ ಎಂಬ ಈ ಹೆಸರನ್ನು ನೀವೆಲ್ಲ ಕೋವಿಡ್ ಕಾಲದಲ್ಲಿ ಕೇಳಿದಿರಿ. ಅದು ಹಳೆಯದು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಅದನ್ನು ಗುರುತಿಸಿದರು. ದೇಹದಲ್ಲಿ ಎಲ್ಲೇ ಉರಿಯೂತವಾದರೂ ಯಕೃತ್ತು ಅದನ್ನು ತಯಾರಿಸುತ್ತದೆ. ಕೆಲವೇ ಗಂಟೆಗಳಲ್ಲಿ ಏರತೊಡಗಿ ಎರಡು ದಿನದೊಳಗೆ ಶಿಖರ ಮುಟ್ಟುತ್ತದೆ. ಉರಿಯೂತ ನಿಂತರೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಒಮ್ಮೆ ನೋಡಿದ ಸಿಆರ್‌ಪಿಗಿಂತ ಎರಡು ದಿನದ ಅಂತರದಲ್ಲಿ ನೋಡಿದ ಎರಡು ಸಿಆರ್‌ಪಿಗಳಿಗೆ ಬೆಲೆ ಹೆಚ್ಚು. ಇಂದು 90, ನಾಳಿದ್ದು 40 ಎಂದರೆ ಉರಿ ಆರುತ್ತಿದೆ.

ಕೋವಿಡ್‌ನಲ್ಲಿ ಇದಕ್ಕೆ ಜೊತೆಯಾಗಿ ಡಿ-ಡೈಮರ್, ಫೆರಿಟಿನ್, ಎಲ್‌ಡಿಎಚ್ ಎಂಬ ರಕ್ತ ಪರೀಕ್ಷೆಗಳು ಬಂದವು. 2021ರ ಏಪ್ರಿಲ್, ಮೇ ತಿಂಗಳ ಎರಡನೇ ಅಲೆಯಲ್ಲಿ ಇವೆಲ್ಲವನ್ನೂ ಒಂದೇ ಕಟ್ಟಾಗಿ ಮಾರಲಾಯಿತು. ನೆಗಡಿ, ಮೈಕೈ ನೋವು ಬಿಟ್ಟರೆ ಬೇರೇನೂ ಇಲ್ಲದ ಯುವಕರೂ ಸಾಲಿನಲ್ಲಿ ನಿಂತು ರಕ್ತ ಕೊಟ್ಟರು. ಅಂಕಿ ಸ್ವಲ್ಪ ಹೆಚ್ಚಿದ್ದರೆ ಮನೆಯಲ್ಲೇ ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದರು. ಆಗ ದೆಹಲಿಯ ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ ಲಘು ಸೋಂಕಿನವರಿಗೆ ಸಿಟಿ ಸ್ಕ್ಯಾನ್ ಆಗಲಿ ಈ ರಕ್ತ ಸೂಚಕಗಳಾಗಲಿ ಬೇಡ ಎಂದು ಮೇ ತಿಂಗಳಲ್ಲಿ ಬಹಿರಂಗವಾಗಿ ಹೇಳಿದರು. ಅದಕ್ಕೂ ಸುಮಾರು ಒಂದು ವರ್ಷ ಮೊದಲೇ, 2020ರ ಜೂನ್‌ನಲ್ಲಿ, ಬ್ರಿಟನ್ನಿನ ರಿಕವರಿ ಅಧ್ಯಯನ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಬಗ್ಗೆ ಸ್ಪಷ್ಟ ಉತ್ತರ ಕೊಟ್ಟಿತ್ತು: ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಅದು ಮೂರನೇ ಒಂದರಷ್ಟು, ಆಮ್ಲಜನಕ ಬೇಕಾದವರ ಸಾವನ್ನು ಐದನೇ ಒಂದರಷ್ಟು ತಗ್ಗಿಸಿತು. ಆಮ್ಲಜನಕ ಬೇಡವಾಗಿದ್ದವರಿಗೆ ಪ್ರಯೋಜನವಾಗಲಿಲ್ಲ. ಅಲ್ಲಿ ನಿರ್ಧಾರಕ್ಕೆ ಆಧಾರವಾಗಿದ್ದುದು ಸಿಆರ್‌ಪಿಯಲ್ಲ, ಆಮ್ಲಜನಕ. ಅನಗತ್ಯ ಸ್ಟೀರಾಯ್ಡ್ ಮಧುಮೇಹಿಗಳಲ್ಲಿ ಸಕ್ಕರೆಯನ್ನು ಆಕಾಶಕ್ಕೇರಿಸಿ ಕಪ್ಪು ಶಿಲೀಂಧ್ರಕ್ಕೆ ದಾರಿ ಮಾಡಿಕೊಟ್ಟಿತು. ಕಣ್ಣು ಕಳೆದುಕೊಂಡವರ ಮುಖಗಳು ಈಗಲೂ ನನ್ನ ಮುಂದೆ ಬರುತ್ತವೆ.

ಹಾಗೆಂದು ಸೂಚಕಗಳು ವ್ಯರ್ಥವಲ್ಲ. ಆಸ್ಪತ್ರೆಗೆ ಸೇರಿದವರಲ್ಲಿ, ಆಮ್ಲಜನಕ ಇಳಿದವರಲ್ಲಿ, ಅವು ನಿಜವಾದ ಕೆಲಸ ಮಾಡಿದವು. ಅದೇ ರಿಕವರಿ ಅಧ್ಯಯನದಲ್ಲಿ ಟೊಸಿಲಿಜುಮಾಬ್ ಎಂಬ ದುಬಾರಿ ಔಷಧಿಯನ್ನು ಪರೀಕ್ಷಿಸಿದ್ದು ಆಮ್ಲಜನಕ ಶೇಕಡಾ 92ಕ್ಕಿಂತ ಕೆಳಗಿದ್ದು ಅಥವಾ ಆಮ್ಲಜನಕದ ನೆರವು ಬೇಕಾಗಿದ್ದು, ಜೊತೆಗೆ ಸಿಆರ್‌ಪಿ 75 ಅಥವಾ ಹೆಚ್ಚು ಇದ್ದವರಲ್ಲಿ. ಎರಡೂ ಬೇಕು, ಒಂದು ಸಾಲದು. ಬ್ರಿಟನ್ನಿನಲ್ಲೇ ರೂಪಿಸಿದ 4ಸಿ ಎಂಬ ಅಂಕ ಪಟ್ಟಿ ನನಗೆ ಬಹಳ ಇಷ್ಟ. ಆಸ್ಪತ್ರೆಗೆ ಬಂದ ಕೋವಿಡ್ ರೋಗಿಯ ಅಪಾಯವನ್ನು ಅದು 21 ಅಂಕಗಳಲ್ಲಿ ಅಳೆಯುತ್ತದೆ. ಸಿಆರ್‌ಪಿ ನೂರು ದಾಟಿದರೂ ಅದಕ್ಕೆ ಸಿಗುವುದು 2 ಅಂಕ. ವಯಸ್ಸು 80 ದಾಟಿದ್ದರೆ 7 ಅಂಕ. ಉಸಿರಾಟದ ವೇಗ, ಆಮ್ಲಜನಕ, ಪ್ರಜ್ಞೆ, ರಕ್ತದ ಯೂರಿಯಾ, ಹಳೆಯ ಕಾಯಿಲೆಗಳು, ಎಲ್ಲಕ್ಕೂ ಅಲ್ಲಿ ಪಾಲಿದೆ. ಅಜ್ಜಿಯ ವಯಸ್ಸು ಕೇಳಲು ಯಾವ ಲ್ಯಾಬೂ ಬೇಡ.

ಡಿ-ಡೈಮರ್ ಬಗ್ಗೆ ಒಂದು ಎಚ್ಚರಿಕೆ. ರಕ್ತದ ಹೆಪ್ಪು ಕರಗುವಾಗ ಉಳಿಯುವ ಚೂರು ಅದು. ಗರ್ಭಿಣಿಯರಲ್ಲಿ, ಶಸ್ತ್ರಚಿಕಿತ್ಸೆಯಾದವರಲ್ಲಿ, ವಯಸ್ಸಾದವರಲ್ಲಿ ಸಹಜವಾಗಿಯೇ ಹೆಚ್ಚಿರುತ್ತದೆ. ಎರಡನೇ ಅಲೆಯ ಒಂದು ರಾತ್ರಿ ನಾಪೋಕ್ಲು ಕಡೆಯಿಂದ ಫೋನ್ ಬಂತು. ನಿನ್ನೆ 0.4 ಇತ್ತು, ಇಂದು 400 ಆಗಿದೆ, ಸಾವಿರ ಪಟ್ಟು ಏರಿದೆ ಎಂದು ಮಗ ಅಳುತ್ತಿದ್ದ. ಎರಡು ಲ್ಯಾಬ್‌ಗಳು, ಎರಡು ಮಾನಗಳು. ಒಂದು ಮೈಕ್ರೋಗ್ರಾಂನಲ್ಲಿ ಬರೆದಿತ್ತು, ಇನ್ನೊಂದು ನ್ಯಾನೋಗ್ರಾಂನಲ್ಲಿ. ಎರಡೂ ಒಂದೇ ಅಂಕಿ, ಎರಡೂ ಸಾಮಾನ್ಯ. ಇಂಚಿನ ಲೆಕ್ಕದವರಿಗೆ ಮಿಲಿಮೀಟರ್ ಪುಸ್ತಕ ಕೊಟ್ಟಂತೆ. ಅಂಕಿಯ ಪಕ್ಕದ ಸಣ್ಣ ಅಕ್ಷರವನ್ನು ಓದದೆ ಯಾರಿಗೂ ಫೋನ್ ಮಾಡಬೇಡಿ, ಸಾಧ್ಯವಾದರೆ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ.

ಮಾದರಿ ಸಾಗಿಸುವುದೂ ನಮ್ಮಲ್ಲಿ ಸಣ್ಣ ವಿಷಯವಲ್ಲ. ಕುಟ್ಟದಿಂದಲೋ ಭಾಗಮಂಡಲದಿಂದಲೋ ತೆಗೆದ ರಕ್ತ, ಗುಂಡಿ ಬಿದ್ದ ರಸ್ತೆಯಲ್ಲಿ ಬಸ್ಸಿನ ಡ್ಯಾಶ್‌ಬೋರ್ಡಿನ ಮೇಲೆ ಕುಲುಕುತ್ತಾ ಬಂದರೆ ಕೆಂಪು ಕಣಗಳು ಒಡೆಯುತ್ತವೆ. ಒಡೆದ ಕಣಗಳಿಂದ ಎಲ್‌ಡಿಎಚ್, ಪೊಟ್ಯಾಸಿಯಂ ಹೊರಬಂದು ಸುಳ್ಳು ಏರಿಕೆ ತೋರಿಸುತ್ತವೆ. ಪ್ಲೇಟ್‌ಲೆಟ್‌ಗಳು ಕೊಳವೆಯಲ್ಲೇ ಒಂದಕ್ಕೊಂದು ಅಂಟಿಕೊಂಡು ಗುಂಪಾದರೆ ಯಂತ್ರ ಆ ಗುಂಪನ್ನು ಎಣಿಸುವುದೇ ಇಲ್ಲ. ಲಕ್ಷವಿದ್ದದ್ದು 40 ಸಾವಿರ ಎಂದು ಬರುತ್ತದೆ. ರೋಗಿ ಚೆನ್ನಾಗಿದ್ದು ಅಂಕಿ ಮಾತ್ರ ಭಯ ಹುಟ್ಟಿಸುವಂತಿದ್ದರೆ, ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಕಣ್ಣಿನಿಂದ ನೋಡಿ ಎಂದು ಲ್ಯಾಬ್‌ನವರನ್ನು ಕೇಳುವ ಹಕ್ಕು ನಿಮಗಿದೆ. ಅನುಭವಿ ತಂತ್ರಜ್ಞೆಯ ಕಣ್ಣಿಗೆ ನಾನು ಯಂತ್ರಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ತಿತಿಮತಿ ಕಡೆಯ ಒಬ್ಬ ಆಶಾ ಕಾರ್ಯಕರ್ತೆ ಎದ್ದು ಕೇಳಿದರು: ರಾತ್ರಿ ಕರೆಂಟಿಲ್ಲ, ಹಾಡಿಯಲ್ಲಿ ನೆಟ್‌ವರ್ಕ್ ಇಲ್ಲ, ಆನೆ ದಾರಿಯಲ್ಲಿದೆ, ಲ್ಯಾಬ್ ಬೆಳಿಗ್ಗೆಯವರೆಗೆ ಇಲ್ಲ. ಆಗ ಯಾವ ಅಂಕಿ ನೋಡಲಿ?

ಅವರಿಗೆ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ. ಬೆರಳಿನ ತುದಿಯನ್ನು ಐದು ಸೆಕೆಂಡ್ ಒತ್ತಿ ಬಿಡಿ. ಬಿಳಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಪಾದ ಮುಟ್ಟಿ, ತಣ್ಣಗಿದೆಯೇ ನೋಡಿ. ಆರು ಗಂಟೆಯಿಂದ ಮೂತ್ರ ಹೋಗಿಲ್ಲವೇ ಎಂದು ಕೇಳಿ. ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ಮಂಕು ಅಥವಾ ಚಡಪಡಿಕೆ, ಒಸಡು ಮೂಗಿನಲ್ಲಿ ರಕ್ತ, ಇವುಗಳಲ್ಲಿ ಒಂದಿದ್ದರೂ ಬೆಳಗಾಗುವುದನ್ನು ಕಾಯಬೇಡಿ, ಅರಣ್ಯ ಇಲಾಖೆಯವರ ಜೀಪನ್ನಾದರೂ ಕೇಳಿ ಹೊರಡಿಸಿ. ಇವು ಯಾವುವೂ ಇಲ್ಲ, ಕುಡಿಯಲು ಆಗುತ್ತಿದೆ ಎಂದರೆ ಗಂಜಿ ತಿಳಿ, ಓಆರ್‌ಎಸ್, ಎಳನೀರನ್ನು ಗುಟುಕು ಗುಟುಕಾಗಿ ರಾತ್ರಿಯಿಡೀ ಕೊಡಿ. ಬರಿ ನೀರನ್ನೇ ಕೊಡುತ್ತಾ ಹೋಗಬೇಡಿ. ರಕ್ತದೊತ್ತಡದ ಯಂತ್ರವಿದ್ದರೆ ಮೇಲಿನ ಅಂಕಿಯಿಂದ ಕೆಳಗಿನದನ್ನು ಕಳೆಯಿರಿ.

ಪಪ್ಪಾಯಿ ಎಲೆಯ ರಸದ ಬಗ್ಗೆ ಮೂವರು ಕೇಳಿದರು. ಕೊಡಲೇಬೇಕೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಅದು ವಾಂತಿ ತರಿಸಿದರೆ ರೋಗಿಗೆ ನಷ್ಟ, ಹೊಟ್ಟೆಯಲ್ಲಿ ಉಳಿಯಬೇಕಾದ ನೀರೂ ಹೊರಹೋಗುತ್ತದೆ. ಅಷ್ಟನ್ನು ಮಾತ್ರ ಹೇಳಬಲ್ಲೆ.

ಕೊನೆಗೆ ಹಿರಿಯ ಬೆಳೆಗಾರರೊಬ್ಬರು ಎದ್ದರು. ತಂದೆಯ ಕಾಲದಿಂದ ಮಳೆ ಪುಸ್ತಕ ಇಟ್ಟವರು. ಒಂದೇ ಪರೀಕ್ಷೆಗೆ ದುಡ್ಡಿದ್ದರೆ ಯಾವುದು, ಯಾವಾಗ ಎಂದು ಕೇಳಿದರು. ಜ್ವರದ ಎರಡನೇ ದಿನ ರಕ್ತಕಣ ಎಣಿಕೆ ಎಂದೆ. ಆ ದಿನ ಪಿಸಿವಿ ಇನ್ನೂ ಏರಿರುವುದಿಲ್ಲ, ಆದ್ದರಿಂದ ಅದೇ ಆ ವ್ಯಕ್ತಿಯ ಮೂಲ ಅಂಕಿ. ಆಮೇಲೆ ಜ್ವರ ಬಿಡುವ ದಿನ ಇನ್ನೊಮ್ಮೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಮಳೆ ಪುಸ್ತಕದಲ್ಲಿ ಷರಾ ಎಂಬ ಖಾನೆ ವರ್ಷವಿಡೀ ಖಾಲಿ ಇರುತ್ತದೆ ಎಂದರು. ಈ ಮಳೆಗಾಲ ಲೈನ್ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಹೆಸರು, ಜ್ವರ ಶುರುವಾದ ತಾರೀಖು, ಪಿಸಿವಿ, ಪ್ಲೇಟ್‌ಲೆಟ್ ಇಷ್ಟನ್ನು ಅಲ್ಲೇ ಬರೆಯಿಸುವುದಾಗಿ ಹೇಳಿ, ಪಿಸಿವಿ ಎಂಬುದನ್ನು ಕನ್ನಡದಲ್ಲಿ ಹೇಗೆ ಬರೆಯುವುದೆಂದು ನನ್ನಿಂದ ಚೀಟಿಯಲ್ಲಿ ಬರೆಸಿಕೊಂಡು ಜೇಬಿಗೆ ಹಾಕಿಕೊಂಡರು.